ಪಟ್ಟಿಯಲ್ಲಿ ಬಿಟ್ಟ ಹೆಸರು

ಫೆಬ್ರವರಿ 3

ಅಕ್ಕಾ,

ಫೋನ್ ಇರುವಾಗ ಇವಳಿಗೆ ಇದೇನು ಅಂಚೆಯ ಹುಚ್ಚು ಎಂದು ನಗಬೇಡ. ಫೋನನ್ನು ಕಪಾಟಿನಲ್ಲಿ ಬಟ್ಟೆಯ ಕೆಳಗೆ ಇಟ್ಟಿದ್ದೇನೆ. ಒಮ್ಮೆ ಆಡಿದ ದನಿ ಎಲ್ಲಿ ಉಳಿದಿರುತ್ತದೋ, ಯಾರು ಕೇಳಿಸಿಕೊಳ್ಳುತ್ತಾರೋ ಹೇಳಲಾಗದು. ಕಾಗದವಾದರೆ ನೀನು ಓದಿ ಹರಿದುಹಾಕಬಹುದು.

ಮೊನ್ನೆ ಬೆಳಿಗ್ಗೆ ಹತ್ತೂವರೆಗೆ ಮಕ್ಕಳ ರಕ್ಷಣಾ ಕಚೇರಿಯಿಂದ ಒಬ್ಬಳು ಬಂದಳು. ಹೆಗಲಿಗೆ ಹಸಿರು ಚೀಲ. "ಗಾಬರಿ ಆಗ್ಬೇಡಿ, ಸುಮ್ನೆ ಮಾತಾಡೋಕೆ ಬಂದೆ" ಅಂದಳು. ಗಾಬರಿ ಆಗಬೇಡಿ ಎಂದು ಹೇಳಿಕೊಂಡೇ ಬರುವವರಿಗಿಂತ ಗಾಬರಿ ಹುಟ್ಟಿಸುವವರು ಬೇರೆ ಉಂಟೇ? ಮಾತಾಡುವಾಗ ಅವಳ ಕಣ್ಣು ನನ್ನ ಮೇಲಿರಲಿಲ್ಲ. ತೊಟ್ಟಿಲು, ಕಿಟಕಿ, ಅಡುಗೆಮನೆಯ ಚಾಕು, ನನ್ನ ಉಗುರು, ಎಲ್ಲವನ್ನೂ ಮೇಯುತ್ತಿತ್ತು. ಚಿಟ್ಟುವಿಗೆ ಮೊನ್ನೆಗೆ ಐದು ತಿಂಗಳಾಯಿತು. ಅವಳನ್ನು ನೋಡಿ "ಚೆನ್ನಾಗಿದ್ದಾಳೆ" ಅಂದಳು. ಆ ಮಾತನ್ನು ಬರೆದುಕೊಳ್ಳಲಿಲ್ಲ. ನಾನು ಎಷ್ಟು ಗಂಟೆ ನಿದ್ದೆ ಮಾಡುತ್ತೇನೆ ಎಂದು ಕೇಳಿದಳು. ಸಾಕಷ್ಟು ಅಂದೆ. ಅದನ್ನು ಬರೆದುಕೊಂಡಳು.

ಯಾರೋ ಫೋನ್ ಮಾಡಿ ದೂರು ಕೊಟ್ಟಿದ್ದಾರಂತೆ. ಯಾರು ಎಂದರೆ ಹೇಳುವುದಿಲ್ಲ. "ಹಿತೈಷಿ ಒಬ್ರು, ಹೆಸರು ಹೇಳಿಲ್ಲ. ಹೇಳಿದ್ರೂ ನಾವು ಕೊಡೋ ಹಾಗಿಲ್ಲ."

ಅವಳು ಕೊಡದಿದ್ದರೇನು, ನನಗೆ ಗೊತ್ತಿದೆ. ಅತ್ತೆ. ಎರಡು ಬೀದಿ ಆಚೆ ಇರುವವರು ದಿನಾ ನಾಲ್ಕು ಗಂಟೆಗೆ ಬಂದು ಬಾಗಿಲಲ್ಲೇ ನನ್ನ ಮುಖ ಓದುತ್ತಾರೆ. ಹೋದ ವಾರ ಕೊರಳಿನಿಂದ ಟೇಪು ತೆಗೆದು ಚಿಟ್ಟುವಿನ ಎದೆ, ಸೊಂಟ, ತೋಳು ಅಳೆದು ಚೀಟಿಯಲ್ಲಿ ಗುರುತು ಹಾಕಿಕೊಂಡರು. ಅಂಗಿ ಹೊಲಿಯುತ್ತಾರಂತೆ. ಮಗು ಸೊರಗಿದೆ ಎಂದು ತೋರಿಸಲು ಅಳತೆ ಬೇಡವೇ? ಮಾರನೆಯ ದಿನ ಪಕ್ಕದ ಮನೆಯಾಕೆಯ ಎದುರಿಗೆ, "ಇವ್ಳು ಮಗೂನ ಎತ್ಕೊಳ್ಳೋದು ನೋಡಿದ್ರೆ ಬೇರೆಯವ್ರ ಮನೆ ಗಾಜಿನ ಲೋಟ ಎತ್ಕೊಂಡ ಹಾಗಿರತ್ತೆ" ಅಂದರು. ಇಬ್ಬರೂ ನಕ್ಕರು.

ಇವರಿಗೆ ಹೇಳಿಬಿಟ್ಟಿದ್ದೇನೆ, ನಿಮ್ಮ ಅಮ್ಮನದೇ ಕೆಲಸ ಎಂದು. ಮೊದಲು ನಂಬಲಿಲ್ಲ. ಆಮೇಲೆ ಸುಮ್ಮನಾದರು.

ನಿನ್ನ ತಂಗಿ

*

ಫೆಬ್ರವರಿ 8

ಪುಟ್ಟೀ,

ನಿನ್ನ ಪತ್ರವನ್ನು ಡಿಪೋದ ಗೇಟಿನಲ್ಲೇ ನಿಂತು ಓದಿದೆ. ಮೂರು ಬಸ್ಸು ನನ್ನ ಸಹಿ ಇಲ್ಲದೆ ಹೊರಟವು. ಹದಿನೇಳು ವರ್ಷದ ಟೈಂ ಕೀಪರ್ ಕೆಲಸದಲ್ಲಿ ಇದು ಮೊದಲು. ಡ್ರೈವರ್ ಒಬ್ಬ, "ಮೇಡಂಗೆ ಯಾರೋ ಪ್ರೇಮಪತ್ರ ಬರ್ದಿದಾರೆ" ಅಂತ ಕೂಗಿಕೊಂಡು ಹೋದ.

ಮೊದಲು ಊಟ ಮಾಡು. ಹೊಟ್ಟೆಗೆ ಬಿದ್ದ ಮೇಲೆ ಅರ್ಧ ಶತ್ರುಗಳು ತಾವೇ ಎದ್ದು ಹೋಗುತ್ತಾರೆ.

ಅತ್ತೆಯ ನಾಲಿಗೆ ಕತ್ತರಿ ಇದ್ದ ಹಾಗೆ, ಒಪ್ಪಿದೆ. ಮೂವತ್ತು ವರ್ಷ ಬಟ್ಟೆ ಕತ್ತರಿಸಿದವರಲ್ಲವೇ. ಆದರೆ ಮುಖಕ್ಕೆ ಹೇಳುವವರು ಬೆನ್ನ ಹಿಂದೆ ಫೋನ್ ಮಾಡುವುದು ಕಡಿಮೆ. ಬೆನ್ನ ಹಿಂದೆ ಮಾಡುವವರು ಸಾಮಾನ್ಯವಾಗಿ ಸಿಹಿಯಾಗಿ ಮಾತಾಡುವ ಜಾತಿ. ಅಳತೆ ತೆಗೆದದ್ದು ಅಂಗಿಗೇ ಇರಬಹುದು, ಅದನ್ನು ಪಂಚನಾಮೆ ಮಾಡಬೇಡ.

ಆ ಹಸಿರು ಚೀಲದವಳು ಮುಂದೇನು ಎಂದಳು? ಅದನ್ನೇ ನೀನು ಬರೆದಿಲ್ಲ.

ಅಕ್ಕ

*

ಫೆಬ್ರವರಿ 13

ಅಕ್ಕಾ,

ಮುಂದೇನು ಎಂದು ಈಗ ಗೊತ್ತಾಗಿದೆ. ಕೇಳು, ಎಷ್ಟು ನಯವಾದ ಬಲೆ.

ತೀರ್ಮಾನವನ್ನು ಕಚೇರಿ ಒಂದೇ ತೆಗೆದುಕೊಳ್ಳುವುದಿಲ್ಲವಂತೆ. ಕುಟುಂಬ ಸಭೆ ಎಂದು ಕರೆಯುತ್ತಾರಂತೆ. ಯಾರು ಯಾರು ಬರಬೇಕು ಎಂಬ ಪಟ್ಟಿಯನ್ನು ನಾನೇ ಬರೆಯಬೇಕು. ಮೊದಲು ಅವರು ತಮ್ಮ ಚಿಂತೆ ಏನೆಂದು ಎಲ್ಲರೆದುರು ಹೇಳುತ್ತಾರೆ. ಆಮೇಲೆ ಎದ್ದು ಹೊರಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ನಾವು ಮನೆಯವರು ಮಾತ್ರ ಕೂತು, ಮಗುವನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂದು ಒಂದು ಹಾಳೆಯಲ್ಲಿ ಬರೆಯಬೇಕು. ಹಾಳೆ ಅವರಿಗೆ ಒಪ್ಪಿಗೆಯಾದರೆ ಮಗು ಮನೆಯಲ್ಲಿ. ಇಲ್ಲದಿದ್ದರೆ "ಸ್ವಲ್ಪ ದಿನದ ಮಟ್ಟಿಗೆ" ಬೇರೆ ಮನೆಯಲ್ಲಿ. ಬೇರೆ ಮನೆ ಎಂದರೆ ಗುರುತು ಪರಿಚಯ ಇಲ್ಲದ ಯಾರೋ.

ನಮ್ಮ ಬಾಯಿಂದಲೇ ನಮ್ಮ ತಪ್ಪು ಬರೆಸಿ, ಸಹಿ ಹಾಕಿಸಿ, ಆಮೇಲೆ "ನೋಡಿ, ನೀವೇ ಒಪ್ಪಿದ್ರಲ್ಲ" ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇದೆಯೇ? ಬಾಗಿಲು ಹಾಕಿಕೊಂಡು ಹೋದವರು ಬಾಗಿಲ ಹಿಂದೆ ನಿಲ್ಲುವುದಿಲ್ಲ ಎಂದು ಯಾರು ಕಂಡರು?

ಪಟ್ಟಿಯಲ್ಲಿ ನಾಲ್ಕು ಹೆಸರು ಬರೆದೆ. ನಾನು, ಇವರು, ನೀನು, ಹಾರ್ನ್ ಚಿಕ್ಕಪ್ಪ. ಹಸಿರು ಚೀಲದವಳು ಓದಿ, "ಅಜ್ಜಿ?" ಅಂದಳು. "ಅವರಿಗೆ ಆರೋಗ್ಯ ಸರಿ ಇಲ್ಲ" ಅಂದೆ. "ಬೇಕಾದ್ರೆ ಆಮೇಲೂ ಸೇರಿಸ್ಬಹುದು" ಎಂದು ಪೆನ್ನನ್ನು ನನ್ನ ಕಡೆಗೇ ಬಿಟ್ಟಳು. ಪೆನ್ನನ್ನೂ ಮುಟ್ಟಲಿಲ್ಲ ನಾನು.

ಹೋದ ಶುಕ್ರವಾರ ಇವರು ಶೀತಲಗೃಹದ ಕೆಲಸ ಮುಗಿಸಿಕೊಂಡು ನೇರ ಅಮ್ಮನ ಮನೆಗೆ ಹೋಗಿದ್ದರು. ಅಲ್ಲಿ ಏನಾಯಿತು ಎಂದು ಹೇಳಲಿಲ್ಲ. ಬರುವಾಗ ಅತ್ತೆಯ ಬಳಿ ಇದ್ದ ನಮ್ಮ ಮನೆಯ ಬೀಗದ ಕೈಯನ್ನು ತಂದು ಮೇಜಿನ ಮೇಲಿಟ್ಟರು. ಕೈ ತೊಳೆದು ಬಂದು, ಊಟಕ್ಕೆ ಕೂತು, ಅರ್ಧಕ್ಕೇ ಎದ್ದರು. ಅವರು ಅಮ್ಮನ ಒಬ್ಬನೇ ಮಗ ಎಂದು ನಿನಗೆ ಗೊತ್ತಲ್ಲ.

ಬೀದಿ ಕಡೆಯ ಕಿಟಕಿಗಳಿಗೆಲ್ಲ ಹಳೆಯ ಪೇಪರ್ ಅಂಟಿಸಿದ್ದೇನೆ. ಈಗ ಯಾರಿಗೂ ಏನೂ ಕಾಣುವುದಿಲ್ಲ.

ಸಭೆ ಇಪ್ಪತ್ತೈದಕ್ಕೆ. ನೀನು ಬಾ ಅಕ್ಕಾ. ಎರಡು ರೈಲು ಬದಲಿಸಬೇಕು, ಗೊತ್ತು. ಆದರೂ ಬಾ.

ತಂಗಿ

*

ಫೆಬ್ರವರಿ 18

ಪುಟ್ಟೀ,

ರಜೆ ಸಿಗಲಿಲ್ಲ. ಜೊತೆಯ ಟೈಂ ಕೀಪರ್ ಬಸ್ಸಿನ ಮೆಟ್ಟಿಲಿನಿಂದಲೇ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ನಾನೂ ಹೊರಟರೆ ಡಿಪೋದಲ್ಲಿ ಹೊತ್ತು ಗೊತ್ತು ಹೇಳುವವರು ಯಾರೂ ಇರುವುದಿಲ್ಲ. ಮ್ಯಾನೇಜರ್ ಎದುರು ಅತ್ತು ಕರೆದು ಜಗಳವನ್ನೂ ಆಡಿದೆ. ಮುಂದಿನ ತಿಂಗಳು ಮೂರನೆಯ ವಾರ ಬಿಡುತ್ತಾನಂತೆ.

ಅತ್ತೆಯ ಹೆಸರನ್ನು ಸೇರಿಸು. ಬಲೆ ಅನ್ನುತ್ತೀಯ. ಇರಲಿ, ಬಲೆಯೇ ಅಂದುಕೊ. ಬಲೆಯಲ್ಲಿ ಬಿದ್ದಾಗ ಹಲ್ಲು ಗಟ್ಟಿ ಇರುವವರು ಜೊತೆಗಿದ್ದರೆ ಒಳ್ಳೆಯದು. ಆ ವಯಸ್ಸಿನವರು ದಿನಾ ನಾಲ್ಕು ಗಂಟೆಗೆ ಬೇಕರಿಯ ಎದುರು ನಿಂತು ನಿಮ್ಮ ಪೇಪರ್ ಅಂಟಿಸಿದ ಕಿಟಕಿಯನ್ನು ನೋಡಿ ಹಿಂದಿರುಗುವುದು ನೋಡುವವರಿಗೂ ಚೆನ್ನಾಗಿ ಕಾಣುವುದಿಲ್ಲ.

ಚಿಕ್ಕಪ್ಪನಿಗೆ ಮೆಲ್ಲಗೆ ಮಾತಾಡಲು ಹೇಳು. ಲಾರಿ ಬಿಟ್ಟು ಹತ್ತು ವರ್ಷವಾದರೂ ಅವನ ಗಂಟಲಿನಿಂದ ಹಾರ್ನ್ ಇಳಿದಿಲ್ಲ.

ಅಕ್ಕ

*

ಫೆಬ್ರವರಿ 21

ಅಕ್ಕಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ.

ಬೇಕರಿಯ ಎದುರು ಅತ್ತೆ ನಿಲ್ಲುತ್ತಾರೆ ಎಂದು ನಿನಗೆ ಹೇಗೆ ಗೊತ್ತು? ನಾನು ಬರೆದಿಲ್ಲ. ನನಗೇ ಗೊತ್ತಿರಲಿಲ್ಲ. ನಿನ್ನೆ ನಾಲ್ಕು ಗಂಟೆಗೆ ಪೇಪರಿನ ಒಂದು ಮೂಲೆ ಸುಲಿದು ನೋಡಿದೆ. ನಿಂತಿದ್ದರು. ಕೈಯಲ್ಲಿ ಒಂದು ಪೊಟ್ಟಣ. ಕಾಲು ಗಂಟೆ ನಿಂತು ಹೋದರು.

ಒಂದೂವರೆ ದಿನದ ದಾರಿಯಲ್ಲಿರುವ ನಿನಗೆ ನನ್ನ ಬೀದಿ ಕಾಣುತ್ತದೆ. ಹಾಗಾದರೆ ನೀನು ಅವರಿಗೆ ಬರೆಯುತ್ತಿದ್ದೀಯ. ಅವರು ನಿನಗೆ ಬರೆಯುತ್ತಿದ್ದಾರೆ. ಎಂದಿನಿಂದ? ನಾನು ನಿನಗೆ ಬರೆದದ್ದೆಲ್ಲ ಅಲ್ಲಿಗೂ ಹೋಗುತ್ತಿದೆಯೇ? ಫೋನ್ ಮಾಡು ಎಂದು ಅವರಿಗೆ ಹೇಳಿಕೊಟ್ಟವಳು ನೀನೇ ಇರಬಹುದು ಎಂದು ಯಾಕೆ ಅಂದುಕೊಳ್ಳಬಾರದು?

ಪಟ್ಟಿಯಲ್ಲಿ ನಿನ್ನ ಹೆಸರನ್ನು ಹೊಡೆದುಹಾಕಿದ್ದೇನೆ. ಹೇಗೂ ನೀನು ಬರುವುದಿಲ್ಲ.

*

ಫೆಬ್ರವರಿ 24

ಪುಟ್ಟೀ,

ಇದು ನಿನ್ನ ಕೈ ಸೇರುವ ಹೊತ್ತಿಗೆ ಸಭೆ ಮುಗಿದಿರುತ್ತದೆ. ಆದರೂ ಬರೆಯುತ್ತೇನೆ.

ಹೌದು. ಜನವರಿಯಲ್ಲಿ ನಿಮ್ಮತ್ತೆ ನನಗೊಂದು ಪತ್ರ ಹಾಕಿದ್ದರು. ಹೊಲಿಗೆ ಅಂಗಡಿಯ ಬಿಲ್ಲಿನ ಹಿಂದುಗಡೆ, ಐದು ಸಾಲು. "ನಿಮ್ಮ ತಂಗಿ ನಿದ್ದೆ ಮಾಡ್ತಿಲ್ಲ. ನಾನು ಬಾಯಿ ಬಿಟ್ರೆ ತಪ್ಪಾಗತ್ತೆ. ನನಗೆ ಚೆನ್ನಾಗಿ ಮಾತಾಡೋಕೆ ಬರಲ್ಲ. ಅವಳ ಹತ್ರ ಹೇಗಿರ್ಬೇಕು, ನೀವು ಬಲ್ಲವರು ಹೇಳಿ." ನಾನು ಏನು ಬರೆದೆ ಗೊತ್ತೇ? ಅವಳು ಚಿಕ್ಕಂದಿನಿಂದ ಹಾಗೇ, ಮೂಗಿನ ತುದಿಯಲ್ಲಿ ಕೋಪ, ಸ್ವಲ್ಪ ದಿನ ಏನೂ ಕೇಳಬೇಡಿ, ತಾನೇ ಸರಿಹೋಗುತ್ತಾಳೆ ಎಂದು. ನಾನು ಬಲ್ಲವಳಂತೆ ಬರೆದೆ. ಅವರು ನಂಬಿದರು. ಎರಡನೆಯ ಪತ್ರ ಬೀಗದ ಕೈ ಹೋದ ಮೇಲೆ ಬಂತು. ಅದರಲ್ಲಿ ಬೇಕರಿಯ ಮಾತಿತ್ತು. ನಿನ್ನ ಒಂದಕ್ಷರವೂ ನನ್ನಿಂದ ಅಲ್ಲಿಗೆ ಹೋಗಿಲ್ಲ.

ನಿನಗೆ ಇದನ್ನು ಮೊದಲೇ ಹೇಳಬೇಕಿತ್ತು. ಹೇಳಿದರೆ ನನ್ನ ಸಲಹೆಯ ಮಾತೂ ಹೊರಗೆ ಬರುತ್ತಿತ್ತು. ಅದಕ್ಕೇ ಹೇಳಲಿಲ್ಲ.

ಅಕ್ಕ

*

ಫೆಬ್ರವರಿ 27

ಅಕ್ಕಾ,

ಸಿಟ್ಟು ಇಳಿದಿಲ್ಲ, ಆದರೆ ಹೇಳಿಕೊಳ್ಳಲು ಬೇರೆ ಯಾರಿದ್ದಾರೆ?

ಸಭೆ ಕಚೇರಿಯಲ್ಲಿ ಬೇಡವೆಂದು ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಇಟ್ಟಿದ್ದರು. ಉದ್ದ ಮೇಜು, ಎಂಟು ಕುರ್ಚಿ, ಒಂದು ಫ್ಲಾಸ್ಕಿನಲ್ಲಿ ಚಹಾ, ತಟ್ಟೆಯಲ್ಲಿ ಬಿಸ್ಕತ್ತು. ಎಲ್ಲರಿಗಿಂತ ಮೊದಲು ಹೋಗಿ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಹಸಿರು ಚೀಲದವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನಾದ್ರೂ ಬಿತ್ತಾ?" ಅಂದಳು. "ಕಿವಿಯೋಲೆ" ಅಂದೆ. ಅವಳೂ ಬಗ್ಗಿ ಹುಡುಕಿದಳು. ಎರಡು ಓಲೆಯೂ ನನ್ನ ಕಿವಿಯಲ್ಲೇ ಇದ್ದವು.

ಸಭೆ ನಡೆಸಿದವರು ಒಬ್ಬ ಬೊಕ್ಕತಲೆಯವರು. ಬಹಳ ಸಮಾಧಾನದ ಮನುಷ್ಯ, ಅದಕ್ಕೇ ಅನುಮಾನ ಬಂತು. ಕಚೇರಿಯ ಚಿಂತೆ ಏನೆಂದು ಓದಿ ಹೇಳಿದರು. ತಾಯಿಗೆ ನಿದ್ದೆ ಇಲ್ಲ, ಮಗುವಿನ ಜೊತೆ ಒಂಟಿಯಾಗಿರಲು ಹೆದರುತ್ತಾಳೆ, ಮೂರು ತಿಂಗಳು ಹಗಲಿನಲ್ಲಿ ಮನೆಯಲ್ಲಿ ಇನ್ನೊಬ್ಬ ದೊಡ್ಡವರು ಇರಲೇಬೇಕು, ತಾಯಿ ಡಾಕ್ಟರ ಹತ್ತಿರ ಹೋಗಬೇಕು. "ಯಾರಿರ್ತಾರೆ, ಹೇಗೆ ಅನ್ನೋದು ನಿಮ್ಗೇ ಚೆನ್ನಾಗಿ ಗೊತ್ತು. ನಾವು ಕೆಳಗಿರ್ತೀವಿ" ಎಂದು ಇಬ್ಬರೂ ಎದ್ದು ಹೋದರು. ಮೆಟ್ಟಿಲು ಇಳಿದ ಸದ್ದನ್ನು ಎಣಿಸಿದೆ. ಹತ್ತೊಂಬತ್ತು. ನಿಜಕ್ಕೂ ಇಳಿದಿದ್ದರು.

ಉಳಿದವರು ನಾವು ಮೂರು ಜನ, ಐದು ಖಾಲಿ ಕುರ್ಚಿ.

ಚಿಕ್ಕಪ್ಪ ಬಿಸ್ಕತ್ತು ಮುಗಿಸಿ, "ನಾನು ಬಂದಿರ್ತೀನಿ ಬಿಡೇ, ಮೂರು ತಿಂಗಳಲ್ವಾ" ಅಂದ.

"ನಿಮ್ಗೆ ಮಗೂನ ಎತ್ಕೊಳ್ಳೋಕೆ ಬರತ್ತಾ?" ಎಂದು ಇವರು ಕೇಳಿದರು.

"ಹದಿನಾರು ಟನ್ ಎತ್ತಿದೀನಿ."

"ಅದು ಲಾರಿ ಎತ್ತಿದ್ದು ಚಿಕ್ಕಪ್ಪ."

ಆಮೇಲೆ ಚಿಕ್ಕಪ್ಪ ಹಾರ್ನ್ ದನಿಯಲ್ಲಿ, "ಅಲ್ರೋ, ಎರಡು ಬೀದಿ ಆಚೆ ಗುಂಡುಕಲ್ಲಿನ ಹಾಗೆ ನಿನ್ನ ಅಮ್ಮ ಇದಾಳೆ. ಆಯಮ್ಮನ್ನ ಬಿಟ್ಟು ಮುರುಕು ಸೊಂಟದ ನನ್ನನ್ನ ಕರೆಸಿದೀರಲ್ಲ, ಇದ್ಯಾವ ಲೆಕ್ಕ?" ಅಂದ.

ಇವರು ಹಾಳೆಯನ್ನೇ ನೋಡುತ್ತ, "ಫೋನ್ ಮಾಡಿದ್ದೇ ಅವ್ಳು" ಅಂದರು. ಅವಳು ಎಂದರು, ಅಕ್ಕಾ. ಇಷ್ಟು ವರ್ಷದಲ್ಲಿ ಅಮ್ಮನನ್ನು ಅವರು ಹಾಗೆ ಅಂದದ್ದನ್ನು ನಾನು ಕೇಳಿರಲಿಲ್ಲ.

ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದೆ.

ಹಾಳೆ ಖಾಲಿಯೇ ಉಳಿಯಿತು. ಬೊಕ್ಕತಲೆಯವರು ಬಯ್ಯಲಿಲ್ಲ. ಮಾರ್ಚ್ ಹನ್ನೊಂದಕ್ಕೆ ಇನ್ನೊಮ್ಮೆ ಕೂರೋಣ ಅಂದರು. ಅಲ್ಲಿಯವರೆಗೆ ಇವರು ರಜೆ ಹಾಕಿ ಮನೆಯಲ್ಲಿರುತ್ತಾರೆ. ಆಮೇಲೆ ಇವರಿಗೂ ರಜೆ ಇಲ್ಲ. ಅಂದೂ ಹಾಳೆ ಖಾಲಿ ಇದ್ದರೆ ಕಚೇರಿಯೇ ತೀರ್ಮಾನ ಮಾಡುತ್ತದೆ. ಆ ಬೇರೆ ಮನೆಯವರ ಬಗ್ಗೆ ಹಸಿರು ಚೀಲದವಳು ಹೇಳಲು ಶುರುಮಾಡಿದಳು. ನಾನು ಕಿವಿ ಮುಚ್ಚಿಕೊಂಡೆ. ಮಗುವಿನ ಹಾಗೆ, ಎರಡು ಕೈಯಿಂದ.

ದೂರಿನ ಸಾರಾಂಶ ಎಂದು ಒಂದು ಹಾಳೆ ಕೊಟ್ಟರು. ಅದನ್ನು ನಿನಗಾಗಿ ಕೈಯಲ್ಲೇ ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಓದಿ ಹೇಳು, ಇದು ಅತ್ತೆಯಲ್ಲದೆ ಇನ್ನಾರ ಬಾಯಿ?

ತಂಗಿ

(ನಕಲು)
ಜನವರಿ 29, ಬೆಳಿಗ್ಗೆ 11.40. ಕರೆ ಮಾಡಿದವರು ನೆರೆಯ ಮಹಿಳೆ. ಹೆಸರು ತಿಳಿಸಿಲ್ಲ. ತಾಯಿ ಹಲವು ವಾರಗಳಿಂದ ನಿದ್ರಿಸಿಲ್ಲ. ಮಗು ಅತ್ತಾಗ ಅದನ್ನು ಕೋಣೆಯ ನೆಲದ ಮೇಲೆ, ಸುತ್ತಲೂ ದಿಂಬು ಇಟ್ಟು ಮಲಗಿಸಿ, ಬಾಗಿಲು ಹಾಕಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ಹೊರಗೆ ನಿಲ್ಲುತ್ತಾಳೆ. ತನ್ನ ಕೈಗಳ ಬಗ್ಗೆ ತಾಯಿಗೆ ಭಯವಿದೆ. ಮಗುವಿಗೆ ಇದುವರೆಗೆ ಯಾವ ಗಾಯವೂ ಇಲ್ಲ. ಯಾರಾದರೂ ಬರಬೇಕೆಂದು ಕರೆ ಮಾಡಿದವರ ಕೋರಿಕೆ.

*

ಮಾರ್ಚ್ 3

ಪುಟ್ಟೀ,

ನಕಲನ್ನು ಓದಿದೆ. ದಿನವೆಲ್ಲ ಹೊತ್ತು ಬರೆಯುವವಳು ನಾನು. ಎಷ್ಟು ಗಂಟೆಗೆ ಯಾರು ಎಲ್ಲಿದ್ದರು ಎಂದು ಕೇಳುವುದೇ ನನ್ನ ಕಸುಬು. ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ನಿಮ್ಮತ್ತೆ ಅಂಗಡಿಯಲ್ಲಿರುತ್ತಾರೆ. ಇರಲಿ, ಅಂಗಡಿಯಲ್ಲೂ ಫೋನ್ ಇರುತ್ತದೆ. ಅದು ದೊಡ್ಡದಲ್ಲ.

ಬಾಗಿಲು ಹಾಕಿದ್ದರೆ ಒಳಗಿನ ದಿಂಬು ಯಾರಿಗೆ ಕಂಡಿತು? ಮನೆಯಲ್ಲಿ ನೀನೊಬ್ಬಳೇ ಇರುವಾಗ, ನೀನು ಕೈಯನ್ನು ಬೆನ್ನ ಹಿಂದೆ ಹಿಡಿದು ನಿಂತದ್ದು ಯಾವ ನೆರೆಯವಳಿಗೆ ಕಂಡಿತು? ಕೈ ಕಂಡಿತು ಎಂದೇ ಇಟ್ಟುಕೊಳ್ಳೋಣ. ಆ ಕೈಯ ಬಗ್ಗೆ ನಿನಗಿದ್ದ ಭಯವನ್ನು ಕಂಡವರು ಯಾರು? ಅದು ಕಿಟಕಿಯಿಂದ ಕಾಣುವ ವಸ್ತುವಲ್ಲ.

ನೀನೇ ಅಲ್ಲವೇ?

ಬಯ್ಯಲು ಕೇಳುತ್ತಿಲ್ಲ. ಮುಚ್ಚಿಡಬೇಕೆಂದಿದ್ದವರು ನಕಲು ಮಾಡಿ ಟೈಂ ಕೀಪರಿಗೆ ಕಳಿಸುವುದಿಲ್ಲ. ಅಷ್ಟು ದೂರದಿಂದ ನಾನು ಕಂಡುಹಿಡಿಯಲಿ ಎಂದೇ ಕಳಿಸಿದ್ದೀಯ. ಕಂಡುಹಿಡಿದೆ. ಇನ್ನು ನೀನೇ ಹೇಳಬೇಕಾದ ಕಡೆ ಹೇಳು. ನಾನು ಯಾರಿಗೂ ಬರೆಯುವುದಿಲ್ಲ. ಅವರು ಮೂರನೆಯ ಪತ್ರ ಹಾಕಿದರೂ ಉತ್ತರ ಕೊಡುವುದಿಲ್ಲ.

ಮಗನ ಬಾಯಿಂದ ಅಂಥ ಮಾತು ಕೇಳಿದ ಹೆಂಗಸು, ಮರುದಿನವೂ ಪೊಟ್ಟಣ ಹಿಡಿದು ಬೀದಿಯಲ್ಲಿ ನಿಂತಿದ್ದಾಳೆ. ಅಷ್ಟನ್ನು ಮಾತ್ರ ಯೋಚಿಸು.

ಅಕ್ಕ

*

ಮಾರ್ಚ್ 6

ನಿನ್ನ ಪತ್ರವನ್ನು ಹರಿದುಹಾಕಿದ್ದೇನೆ. ಇನ್ನು ಬರೆಯಬೇಡ.

*

ಮಾರ್ಚ್ 12

ಅಕ್ಕಾ,

ಬರೆಯಬೇಡ ಅಂದವಳೇ ಮೊದಲು ಬರೆಯುತ್ತಿದ್ದೇನೆ, ನಕ್ಕುಬಿಡು.

ಆ ದಿನ ಚಿಟ್ಟು ಒಂದು ಗಂಟೆಯಿಂದ ಅಳುತ್ತಿದ್ದಳು. ನನ್ನ ಕೈಗಳು ನನ್ನವಲ್ಲ ಅನ್ನಿಸುತ್ತಿತ್ತು. ಏನೂ ಮಾಡಿಲ್ಲ ಅಕ್ಕಾ, ಅವು ಏನನ್ನೂ ಮಾಡಿಲ್ಲ. ಮಾಡಿಬಿಟ್ಟರೆ ಎಂಬ ಯೋಚನೆ ಬಂದಾಗೆಲ್ಲ ಅವಳನ್ನು ದಿಂಬಿನ ನಡುವೆ ಇಟ್ಟು ಆಚೆ ಬರುತ್ತಿದ್ದೆ. ಅಂದು ಹೊರಗೆ ನಿಂತಾಗ, ಅವಳ ಲಸಿಕೆ ಕಾರ್ಡಿನ ಹಿಂದೆ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿದೆ. ಅತ್ತ ಕಡೆಯವರು "ಯಾರು ಮಾತಾಡ್ತಿರೋದು?" ಅಂದರು. ಹೆಸರು ಹೇಳಹೋಗಿ ತಡೆದೆ. "ಪಕ್ಕದ ಮನೆಯವಳು" ಅಂದೆ.

ಪಕ್ಕದ ಮನೆಯವಳಾದ ಕೂಡಲೇ ಮಾತು ಬಂತು. ನಾನು ನಾನಾಗಿದ್ದಾಗ ಡಾಕ್ಟರಿಗೂ, ಇವರಿಗೂ, ನಿನಗೂ ಹೇಳಲಾರದ್ದನ್ನೆಲ್ಲ ಅವಳು ಸಲೀಸಾಗಿ ಹೇಳಿದಳು. ವಿಳಾಸವನ್ನೂ ಕೊಟ್ಟಳು. ಕೊನೆಗೆ, "ಆ ಹುಡುಗಿ ಕೆಟ್ಟವಳಲ್ಲ" ಎಂದೂ ಹೇಳಿದಳು. ಅದನ್ನು ಮಾತ್ರ ಅವರು ಬರೆದುಕೊಂಡಿಲ್ಲ. ಸಾರಾಂಶದ ಹಾಳೆ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ಆ ಸಾಲನ್ನೇ.

ಅವರು ನಿಜವಾಗಿ ಬಂದುಬಿಟ್ಟಾಗ ಹೆದರಿದೆ. ಫೋನ್ ಮಾಡಿದವರು ಯಾರೋ ಒಬ್ಬರು ಆಗಲೇಬೇಕಿತ್ತು. ಅತ್ತೆ ಎಂದು ಒಮ್ಮೆ ಬಾಯಿಗೆ ಬಂತು. ಹೇಳುತ್ತ ಹೇಳುತ್ತ ನನಗೇ ನಿಜ ಅನ್ನಿಸಿತು. ನಿನಗೆ ಬರೆದ ಪತ್ರಗಳಲ್ಲಿ ನಾನು ನಟಿಸಲಿಲ್ಲ, ಇದು ವಿಚಿತ್ರ ಅಲ್ಲವೇ? ಪೇಪರ್ ಅಂಟಿಸುವಾಗ ಅತ್ತೆಯ ಮೇಲೆ ನನಗೆ ನಿಜವಾಗಿ ಸಿಟ್ಟಿತ್ತು.

ಎಂಟನೆಯ ತಾರೀಕು ಹಸಿರು ಚೀಲದವರ ಬಳಿ ಹೋಗಿ ಪಟ್ಟಿ ಕೇಳಿದೆ. ಅತ್ತೆಯ ಹೆಸರನ್ನು ಬರೆದೆ. ಯಾಕೆ ಎಂದು ಅವರು ಕೇಳಲಿಲ್ಲ. "ನೀವೇ ಕರೀತೀರಾ, ನಾನು ಕರೀಲಾ?" ಎಂದು ಮಾತ್ರ ಕೇಳಿದರು. ನೀವೇ ಕರೆಯಿರಿ ಅಂದೆ. ಅಷ್ಟು ಧೈರ್ಯ ಇರಲಿಲ್ಲ.

ನಿನ್ನೆ ಅದೇ ಕೋಣೆ. ಅತ್ತೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಮಗನ ಕಡೆ ನೋಡಲಿಲ್ಲ. ಮಗ ಅಮ್ಮನ ಕಡೆ ನೋಡಲಿಲ್ಲ. ಬೊಕ್ಕತಲೆಯವರು ದೂರಿನ ಸಾರಾಂಶವನ್ನು ಅತ್ತೆಗೂ ಓದಿ ಹೇಳಿ, ಹಸಿರು ಚೀಲದವರ ಜೊತೆ ಕೆಳಗಿಳಿದು ಹೋದ ಮೇಲೆ ನಾನು ಹೇಳಿಬಿಟ್ಟೆ. ಪೀಠಿಕೆ ಹಾಕಲಿಲ್ಲ. "ಫೋನ್ ಮಾಡಿದ್ದು ನಾನು" ಅಂದೆ.

ಚಿಕ್ಕಪ್ಪನ ಬಾಯಲ್ಲಿ ಬಿಸ್ಕತ್ತು ಹಾಗೇ ಇತ್ತು. ಇವರು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ನನಗೆ ಹೊಡೆದಿದ್ದರೂ ಆ ಬೆನ್ನಿಗಿಂತ ವಾಸಿ ಅನ್ನಿಸುತ್ತಿತ್ತು.

ಅತ್ತೆ ನನ್ನನ್ನು ಕೇಳಿದ್ದು ಒಂದೇ. "ಈಗ್ಲೂ ಕೈ ಹಿಂದೆ ಕಟ್ಕೊಂಡು ನಿಲ್ತೀಯಾ?"

"ದಿನಾ."

"ಮಗು ಅತ್ತಾಗ್ಲಾ, ಸುಮ್ನಿದ್ದಾಗ್ಲೂನಾ?"

"ಈಗೀಗ ಸುಮ್ನಿದ್ದಾಗ್ಲೂ."

ಅವರು ತಲೆ ಆಡಿಸಿದರು, ಅಳತೆ ಬರೆದುಕೊಂಡ ಹಾಗೆ. ಆಮೇಲೆ ಕಿಟಕಿಯ ಕಡೆಗೆ, "ನಿಂಗೆ ಬೇರೆ ಹೇಳ್ಬೇಕಾ? ಬಂದು ಕೂತ್ಕೋ. ನನ್ ಹತ್ರ ಆಮೇಲೆ ಕಾಲು ಹಿಡೀವೆಯಂತೆ, ಈಗ ಹಾಳೆ ಬರಿ" ಅಂದರು. ಇವರು ಬಂದು ಕೂತರು. ಕಣ್ಣು ಕೆಂಪಾಗಿತ್ತು. ಪೆನ್ನು ತೆಗೆದುಕೊಂಡು, "ಹೇಳಮ್ಮ" ಅಂದರು.

"ಹತ್ತರಿಂದ ನಾಲ್ಕು ನಾನಿರ್ತೀನಿ. ಹೊಲಿಗೆ ಮಿಷನ್ನು ನಿಮ್ಮನೇಗೇ ತರ್ತೀನಿ, ಸದ್ದು ಅಂತ ಯಾರೂ ಗೊಣಗೋ ಹಾಗಿಲ್ಲ, ಅದನ್ನೂ ಬರಿ. ಇವ್ಳು ಮಧ್ಯಾಹ್ನ ಎರಡು ಗಂಟೆ ಮಲಗ್ಬೇಕು. ಡಾಕ್ಟರ್ ಹತ್ರ ಹೋಗುವಾಗ ಮಗ ಹೋಗ್ಲಿ, ನಾನ್ ಹೋಗಲ್ಲ. ನಾನ್ ಹೋದ್ರೆ ಡಾಕ್ಟರ್‌ಗೂ ಏನಾದ್ರೂ ಅಂದ್ಬಿಡ್ತೀನಿ. ಆ ಕಿಟಕಿ ಪೇಪರ್ ಕೀಳ್ಬೇಕು."

"ನನ್ ಹೆಸ್ರು?" ಎಂದು ಚಿಕ್ಕಪ್ಪ ಕೇಳಿದ.

"ಭಾನುವಾರ ನೀವು ಬನ್ನಿ. ಬಾಯಿಗೆ ಬಟ್ಟೆ ಕಟ್ಕೊಂಡು."

ನಾನು ಕ್ಷಮಿಸಿ ಎನ್ನಲು ಹೋದೆ. ಅತ್ತೆ ಅಂಗೈ ಎತ್ತಿದರು. "ಅದೆಲ್ಲ ಈಗ ಬೇಡ. ನಂಗೂ ಸಿಟ್ಟಿದೆ. ಸಾವಕಾಶ ತೀರಿಸ್ಕೊಳ್ತೀನಿ, ಮೂರು ತಿಂಗ್ಳಿದೆಯಲ್ಲ."

ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಅಚ್ಚಾಗಿತ್ತು. ಮಗುವಿಗೆ ಅಪಾಯವಿದೆ ಎಂದು ಅನ್ನಿಸಿದರೆ, ಕುಟುಂಬದಲ್ಲಿ ಯಾರು ಕಚೇರಿಗೆ ಫೋನ್ ಮಾಡುತ್ತಾರೆ? ಒಂದು ಹೆಸರು ಬರೆಯಬೇಕು. ಇವರು ಪೆನ್ನು ನಿಲ್ಲಿಸಿದರು. ಚಿಕ್ಕಪ್ಪ ಖಾಲಿ ತಟ್ಟೆಯನ್ನು ನೋಡತೊಡಗಿದ. ಆ ಒಂದು ಫೋನಿನಿಂದ ಇಷ್ಟೆಲ್ಲ ಆದ ಮೇಲೆ, ನಾನು ಮಾಡುತ್ತೇನೆ ಎಂದು ಯಾರು ಹೇಳುತ್ತಾರೆ? ಅತ್ತೆ ಹೇಳಬಹುದು ಅಂದುಕೊಂಡೆ. ಅವರೇ ಇರುವವರು, ಅವರಿಗೇ ಕಾಣುವುದು. ಆ ಸಾಲಿನಲ್ಲಿ ಅವರ ಹೆಸರು ಬಿದ್ದರೆ, ದಿನಾ ಹತ್ತರಿಂದ ನಾಲ್ಕರವರೆಗೆ ನಾನು ಅವರ ಫೋನಿನ ಮೇಲೆಯೇ ಒಂದು ಕಣ್ಣು ಇಟ್ಟಿರುತ್ತೇನೆ ಎಂದು ಆ ಕ್ಷಣವೇ ಗೊತ್ತಾಯಿತು. ಅನುಮಾನ ಅಷ್ಟು ಸುಲಭಕ್ಕೆ ಬಿಟ್ಟುಹೋಗುವ ನೆಂಟನಲ್ಲ.

ಅತ್ತೆ ಪೆನ್ನನ್ನು ಮಗನ ಕೈಯಿಂದ ತೆಗೆದು ನನ್ನ ಮುಂದೆ ಉರುಳಿಸಿದರು.

"ಇವ್ಳೇ ಮಾಡ್ಲಿ. ನಮ್ಮೆಲ್ರಿಗಿಂತ ಮೊದ್ಲು ಇವ್ಳಿಗೇ ಗೊತ್ತಾಗಿದ್ದು."

ಬರೆದೆ. ಕೆಳಗಿನಿಂದ ಅವರನ್ನು ಕರೆಸಿದೆವು. ಹಸಿರು ಚೀಲದವರು ಹಾಳೆಯನ್ನು ಮೇಲಿನಿಂದ ಓದುತ್ತ ಬಂದು ಆ ಕೊನೆಯ ಸಾಲಿನಲ್ಲಿ ನಿಂತರು. ನನ್ನ ಹೆಸರನ್ನು ನೋಡಿದರು, ನನ್ನನ್ನು ನೋಡಿದರು. ನನ್ನ ದನಿಯ ಗುರುತು ಅವರಿಗೆ ಮೊದಲಿನಿಂದ ಇತ್ತೋ ಇಲ್ಲವೋ, ಕೇಳಲಿಲ್ಲ.

"ಈ ಸಲ ಹೆಸರು ಹೇಳ್ತೀರಾ?" ಎಂದು ಮಾತ್ರ ಕೇಳಿದರು.

"ಹೇಳ್ತೀನಿ" ಅಂದೆ.

ಅವರು ಸಹಿ ಹಾಕಿದರು.

ನಿನ್ನ ತಂಗಿ